ವೇಲ್ಸ್ ಜನರನ್ನು ಒಂದು ರಾಷ್ಟ್ರವಾಗಿ ಉಳಿಸಿದ್ದು ಭಾಷೆಯೋ, ಧರ್ಮವೋ?

ಪ್ರಶ್ನೆ:
1536ರ ಕಾಯ್ದೆಯಿಂದ ವೇಲ್ಸ್ ಇಂಗ್ಲೆಂಡಿನಲ್ಲಿ ವಿಲೀನವಾಗಿ, ನ್ಯಾಯಾಲಯಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಇಂಗ್ಲಿಷೇ ಕಡ್ಡಾಯವಾಯಿತು. ಸ್ವಂತ ಆಳ್ವಿಕೆಯಿಲ್ಲದ ಆ ಜನರು ತಾವು ಬೇರೆಯೇ ಒಂದು ರಾಷ್ಟ್ರವೆಂಬ ಭಾವನೆಯನ್ನು ಇಷ್ಟು ಶತಮಾನ ಹೇಗೆ ಕಾಪಾಡಿಕೊಂಡರು? ಭಾಷೆಯೇ ಕಾರಣವೆಂದು ನಾನು ತಿಳಿದಿದ್ದೆ. ಆದರೆ ಅವರ ಚರಿತ್ರೆಯನ್ನು ಓದುವಾಗ ಪುಟಪುಟದಲ್ಲೂ ಪ್ರಾರ್ಥನಾ ಮಂದಿರಗಳೇ ಎದುರಾಗುತ್ತವೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮೊದಲ ಘಟ್ಟದಲ್ಲಿ ಭಾಷೆಗೆ ಆಸರೆಯಾದದ್ದು ಧರ್ಮವೇ. ಕಚೇರಿಯಿಂದ ಹೊರಗಟ್ಟಿದ ಭಾಷೆಯನ್ನು ಅದೇ ಪ್ರಭುತ್ವ ಚರ್ಚಿನೊಳಗೆ ಬಿಟ್ಟುಕೊಂಡಿತು: ವೆಲ್ಷ್ ಭಾಷೆಗೆ ಬೈಬಲನ್ನು ತರಬೇಕೆಂದು 1563ರಲ್ಲಿ ಕಾಯ್ದೆಯಾಯಿತು, 1588ರಲ್ಲಿ ವಿಲಿಯಂ ಮಾರ್ಗನ್ ಅವರ ಸಂಪೂರ್ಣ ಅನುವಾದ ಅಚ್ಚಾಯಿತು. ಹಳ್ಳಿಯಿಂದ ಹಳ್ಳಿಗೆ ಸಾಗುತ್ತಿದ್ದ ಗ್ರಿಫಿತ್ ಜೋನ್ಸ್ ಅವರ ಸಂಚಾರಿ ಶಾಲೆಗಳು 1730ರ ದಶಕದಿಂದ ರೈತಾಪಿ ಜನರಿಗೆ ಆ ಗ್ರಂಥವನ್ನು ತಾಯ್ನುಡಿಯಲ್ಲೇ ಓದಲು ಕಲಿಸಿದವು. ಓದು ಬಲ್ಲ ಜನಸಾಮಾನ್ಯರಿದ್ದ ಭಾಷೆಯನ್ನು ಅಳಿಸುವುದು ಸುಲಭವಲ್ಲ. ಈ ಶಾಲೆಗಳಿಗೆ ಸಲ್ಲಬೇಕಾದ ಶ್ರೇಯಸ್ಸು ಇನ್ನೂ ಸಂದಿಲ್ಲವೆಂದೇ ನನ್ನ ಭಾವನೆ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಭಾಷೆ ಮತ್ತು ಧರ್ಮಗಳನ್ನು ಬಿಡಿಸಲಾಗದಂತೆ ಬೆಸೆದದ್ದು ಒಂದು ಅವಮಾನ. ವೆಲ್ಷ್ ಬಾರದ ಮೂವರು ಆಯುಕ್ತರು ಅಲ್ಲಿನ ಶಿಕ್ಷಣದ ಬಗ್ಗೆ 1847ರಲ್ಲಿ ವರದಿ ಕೊಟ್ಟು, ಜನರ ಅಜ್ಞಾನಕ್ಕೂ ಅನೀತಿಗೂ ಅವರ ಭಾಷೆಯನ್ನೂ, ಅಧಿಕೃತವಾದ ಆಂಗ್ಲಿಕನ್ ಚರ್ಚಿನಿಂದ ಹೊರಗಿದ್ದು ತಮ್ಮದೇ ಪ್ರಾರ್ಥನಾ ಮಂದಿರಗಳಲ್ಲಿ ಸೇರುತ್ತಿದ್ದ ಅವರ ಪಂಥಗಳನ್ನೂ ಒಟ್ಟಿಗೆ ದೂಷಿಸಿದರು. ನೀಲಿ ಹೊದಿಕೆಯ ಆ ವರದಿಯನ್ನು ವೇಲ್ಸಿನವರು ‘ನೀಲಿ ಪುಸ್ತಕಗಳ ದ್ರೋಹ’ ಎಂದು ಕರೆದರು. ಆ ಬಳಿಕ ಪಂಥನಿಷ್ಠೆ ರಾಜಕೀಯ ಬೇಡಿಕೆಯಾಯಿತು. ಭಾನುವಾರ ಹೆಂಡದಂಗಡಿಗಳನ್ನು ಮುಚ್ಚಿಸಿದ 1881ರ ಕಾಯ್ದೆ ವೇಲ್ಸಿಗೆಂದೇ ಪ್ರತ್ಯೇಕವಾಗಿ ಬಂದದ್ದು. 1920ರಲ್ಲಿ ಆಂಗ್ಲಿಕನ್ ಚರ್ಚು ಅಲ್ಲಿ ಅಧಿಕೃತ ಸ್ಥಾನವನ್ನೇ ಕಳೆದುಕೊಂಡಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಆ ಮಂದಿರಗಳು ಖಾಲಿಯಾಗುತ್ತಿರುವಾಗ ಭಾಷೆಯೊಂದೇ ಈ ಭಾರವನ್ನು ಹೊರಬಲ್ಲುದೇ?

ಉತ್ತರ 3:
2021ರ ಜನಗಣತಿಯಲ್ಲಿ ಶೇ. 46.5ರಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲವೆಂದರು. ವೆಲ್ಷ್ ಬಲ್ಲವರು ಶೇ. 17.8 ಮಾತ್ರ. ದಕ್ಷಿಣದ ಕಲ್ಲಿದ್ದಲು ಕಣಿವೆಗಳ ಇಂಗ್ಲಿಷ್ ಮಾತಿನ ಜನರು ತಮ್ಮನ್ನು ವೇಲ್ಸಿನವರೆಂದೇ ಹೆಮ್ಮೆಯಿಂದ ಹೇಳಿಕೊಳ್ಳುವುದರಿಂದ, ಭಾಷೆಯನ್ನು ರಾಷ್ಟ್ರೀಯತೆಯ ಷರತ್ತಾಗಿಸುವುದು ಅನ್ಯಾಯವೆಂದು ನಾನು ನಂಬುತ್ತೇನೆ. ಹಾಗಿದ್ದೂ, ಆ ಭಾಷೆಯನ್ನಾಡದವರೂ ಅದರ ನಷ್ಟವನ್ನು ತಮ್ಮದೆಂದು ಭಾವಿಸುತ್ತಾರೆ. ಲಿವರ್‌ಪೂಲಿಗೆ ನೀರೊದಗಿಸಲು 1965ರಲ್ಲಿ ಟ್ರುವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಎಂಬ ವೆಲ್ಷ್ ಮಾತಿನ ಹಳ್ಳಿಯನ್ನು ಅದರ ಪ್ರಾರ್ಥನಾ ಮಂದಿರದೊಂದಿಗೆ ಮುಳುಗಿಸಲಾಯಿತು. ‘ಟ್ರುವೆರಿನ್ ನೆನಪಿರಲಿ’ ಎಂದು ವೆಲ್ಷ್‌ನಲ್ಲಿ ಬರೆದಿದ್ದ ಹಳೆಯ ಗೋಡೆಯೊಂದನ್ನು 2019ರಲ್ಲಿ ಯಾರೋ ಕೆಡವಿದಾಗ, ಅದೇ ಬರಹ ವೇಲ್ಸಿನ ಉದ್ದಗಲಕ್ಕೂ ಗೋಡೆಗೋಡೆಯ ಮೇಲೆ ಕಾಣಿಸಿಕೊಂಡಿತು.