ಜೆಸಿಬಿಗೆ ಗಂಟೆ ಬಾಡಿಗೆ ಕೊಟ್ಟ ಮೇಲೂ ‘ಬಂದು ಹೋಗೋ ಚಾರ್ಜ್’ ಯಾಕೆ?

ಕೆಂಗೇರಿ_ಸೈಟು:
ಕೆಂಗೇರಿ ಉಪನಗರದ ಹತ್ತಿರ 30×40 ಸೈಟು. ಪಾಯಕ್ಕೆ 9 ಗುಂಡಿ, ಒಂದೊಂದೂ 5×5 ಅಡಿ, ಆಳ 5 ಅಡಿ. ಯಲಹಂಕದ ಗಾಡಿಯವರು ಗಂಟೆಗೆ 1,200, ಕನಿಷ್ಠ 4 ಗಂಟೆ, ಬಂದು ಹೋಗೋಕೆ ಬೇರೆ 2,500 ಅಂತಾರೆ. ಇನ್ನೊಬ್ಬರದು ಗಂಟೆಗೆ 1,450, ಕನಿಷ್ಠ 5 ಗಂಟೆ, ಸಾಗಣೆ ಫ್ರೀ. ಜೆಸಿಬಿ ತನ್ನ ಚಕ್ರದ ಮೇಲೇ ಬರುತ್ತೆ, ಟ್ರೈಲರ್ ಬೇಕಿಲ್ಲ. ಮತ್ತೆ ಈ 2,500 ಯಾವುದಕ್ಕೆ?

ಮಣ್ಣುಗಾಡಿ:
ಚಕ್ರದ ಮೇಲೆ ಬರೋದಕ್ಕೇ. ಯಲಹಂಕದಿಂದ ನಿಮ್ಮಲ್ಲಿಗೆ ಸುಮಾರು 30 ಕಿ.ಮೀ. ಜೆಸಿಬಿಯ ಗರಿಷ್ಠ ವೇಗವೇ 40ರ ಆಸುಪಾಸು, ನಮ್ಮ ಟ್ರಾಫಿಕ್ಕಲ್ಲಿ ಸರಾಸರಿ 20 ಸಿಕ್ಕರೆ ಪುಣ್ಯ. ಹೋಗಿ ಬರೋಕೆ 3 ಗಂಟೆ. ಗಂಟೆಗೆ 5 ಲೀಟರ್ ಲೆಕ್ಕದಲ್ಲಿ 15 ಲೀಟರ್ ಡೀಸೆಲ್, ಲೀಟರಿಗೆ 90 ಹಿಡಿದರೂ 1,350. ಆಪರೇಟರ್ ಬಾಟಾ ಬೇರೆ. ಅದೇ 3 ಗಂಟೆ ಗಾಡಿ ಮಣ್ಣು ಅಗೆದಿದ್ದರೆ 3,600 ದುಡೀತಿತ್ತು. ಮಣ್ಣಿಗೆ ಮಾಡಿದ ಟೈರು ಟಾರು ರಸ್ತೆಯಲ್ಲಿ ಬೇಗ ಸವೆಯುತ್ತೆ. ಆಯಿಲ್, ಸರ್ವಿಸ್ ಎಲ್ಲ ಅವರ್ ಮೀಟರ್ (ಎಂಜಿನ್ ಓಡಿದ ಗಂಟೆ ಎಣಿಸೋ ಮೀಟರ್) ಪ್ರಕಾರ. ಮೀಟರಿಗೆ ರಸ್ತೆಯೂ ಒಂದೇ, ಗುಂಡಿಯೂ ಒಂದೇ.

‘ಫ್ರೀ’ ಅನ್ನೋರು ಅದನ್ನೇ ಗಂಟೆ ದರಕ್ಕೆ ಸೇರಿಸಿದಾರೆ. 5 ಗಂಟೆಗೆ ಮೊದಲನೆಯವರದು 8,500, ಎರಡನೆಯವರದು 7,250. ಎರಡೂ ಸಮ ಆಗೋದು 10 ಗಂಟೆಗೆ, ತಲಾ 14,500. ನಿಮ್ಮದು ಒಟ್ಟು 1,125 ಘನ ಅಡಿ. ಬರೀ ಕೆಂಪು ಮಣ್ಣಾದರೆ ಅಷ್ಟೊತ್ತು ಹಿಡಿಯಲ್ಲ. ಎರಡನೆಯವರನ್ನೇ ಕರೆಸಿ. ಕೆಂಗೇರಿ ಸುತ್ತಲೇ ನಿಲ್ಲೋ ಗಾಡಿ ಸಿಕ್ಕರೆ ಇನ್ನೂ ಒಳ್ಳೇದು.

ಪಾಯದ_ಲೆಕ್ಕ:
ಲೆಕ್ಕ ಸರಿ, ಆದರೆ ಒಂದು ಮಾತು ಬಿಟ್ಟಿದೀರಿ. ಕೆಲವರು ಸಾಗಣೆ ದುಡ್ಡನ್ನೂ ಇಸ್ಕೊಂಡು, ಶೆಡ್ಡಿಂದ ಹೊರಟಾಗಿನ ಮೀಟರ್ ರೀಡಿಂಗನ್ನೂ ಬಿಲ್ಲಿಗೆ ಹಾಕ್ತಾರೆ. ಅದು ಎರಡೆರಡು ಸಲ ವಸೂಲಿ, ಕೊಡಬೇಡಿ. ಗಾಡಿ ಸೈಟಿಗೆ ಬಂದ ತಕ್ಷಣ ಮೀಟರಿನ ಫೋಟೋ, ಕೆಲಸ ಮುಗಿದಾಗ ಇನ್ನೊಂದು.

ಎಂಜಿನ್ ಆನ್ ಇದ್ದರೆ ಸುಮ್ಮನೆ ನಿಂತರೂ ಮೀಟರ್ ಓಡುತ್ತೆ. ಸುಣ್ಣದ ಮಾರ್ಕಿಂಗ್ ಹಿಂದಿನ ದಿನವೇ ಆಗಿರಲಿ, ಮಣ್ಣು ಹೊರಗೆ ಸಾಗಿಸೋದಿದ್ದರೆ ಟಿಪ್ಪರ್ ಮೊದಲೇ ಬಂದು ನಿಂತಿರಲಿ. ಮೇಸ್ತ್ರಿ ದಾರ ಹಿಡಿದು ಅಳೀತಾ ಕೂತರೆ ನಿಮ್ಮ ದುಡ್ಡೇ ಸುಡೋದು. ಕೆಲಸ ಮರುದಿನಕ್ಕೆ ಉಳಿದರೆ ರಾತ್ರಿ ಗಾಡಿ ಸೈಟಲ್ಲೇ ನಿಲ್ಲಬಹುದಾ, ಈಗಲೇ ಕೇಳಿ. ಸಾಗಣೆ ಬೇರೆ ಕೇಳೋ ಗಾಡಿ ವಾಪಸ್ ಹೋದರೆ ಮತ್ತೆ 2,500.

ಕೆಂಗೇರಿ_ಸೈಟು:
ಪಕ್ಕದ ಸೈಟಲ್ಲಿ 3 ಅಡಿಗೇ ಬಂಡೆ ಸಿಕ್ಕಿತ್ತಂತೆ. ಅದನ್ನ ಒಡೆಯೋ ಬ್ರೇಕರ್‌ಗೂ ಬೇರೆ ಫಿಟಿಂಗ್ ಚಾರ್ಜ್ ಕೇಳ್ತಿದಾರೆ. ಅದರ ಬದಲು ಹಿಟಾಚಿನೇ ತರಿಸಿದರೆ?

ಪಾಯದ_ಲೆಕ್ಕ:
ಇಷ್ಟಕ್ಕೆ ಹಿಟಾಚಿ ಬೇಡ. 20 ಟನ್ನಿನ ಗಾಡಿ, ಚೈನಿನ ಮೇಲೆ ಗಂಟೆಗೆ 5 ಕಿ.ಮೀ. ಹೋಗುತ್ತೆ, ಟಾರನ್ನೂ ಕಿತ್ತು ಹಾಕುತ್ತೆ. ಟ್ರೈಲರ್‌ನಲ್ಲೇ ತರಬೇಕು. ಹಗಲಲ್ಲಿ ದೊಡ್ಡ ಗಾಡಿಗಳಿಗೆ ನಗರದೊಳಗೆ ನಿರ್ಬಂಧ ಇರೋದರಿಂದ ಸಾಮಾನ್ಯವಾಗಿ ರಾತ್ರಿಯೇ ಸಾಗಿಸೋದು. ನಿಮ್ಮ ಅಡ್ಡರಸ್ತೆಯಲ್ಲಿ ಟ್ರೈಲರ್ ತಿರುಗಬೇಕು, ಜೋತುಬಿದ್ದ ಕೇಬಲ್‌ಗಳನ್ನೂ ದಾಟಬೇಕು.

ಫಿಟಿಂಗ್ ಚಾರ್ಜ್ ಕೇಳೋದು ನ್ಯಾಯವೇ. ಬಕೆಟ್ಟಿನ ಪಿನ್ ಬಿಚ್ಚಿ, ಬ್ರೇಕರ್ ಕೂರಿಸಿ, ಹೈಡ್ರಾಲಿಕ್ ಹೋಸ್ ಜೋಡಿಸಬೇಕು. ಪಿನ್ ತುಕ್ಕು ಹಿಡಿದಿದ್ದರೆ ಸುತ್ತಿಗೆ ಪೂಜೆ. ಹೋಸ್ ಬಾಯಿಗೆ ಮಣ್ಣು ಹೋದರೆ ಆಯಿಲ್ ಕೆಟ್ಟು ಪಂಪಿಗೇ ಏಟು, ಅದಕ್ಕೇ ಆಪರೇಟರ್ ಅವಸರ ಮಾಡಲ್ಲ. ಬಿಚ್ಚೋಕೂ ಅಷ್ಟೇ ಹೊತ್ತು.

ಹೀಗೆ ಮಾಡಿ: ಪಕ್ಕದ ಸೈಟಿನ ಕಡೆಯ ಗುಂಡಿಯನ್ನೇ ಮೊದಲು ತೋಡಿಸಿ. ಬಂಡೆ ಸಿಕ್ಕರೆ ಒಡೆಸೋಕೆ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಗಟ್ಟಿ ಬಂಡೆಯಾದರೆ 5 ಅಡಿ ಹೋಗದೆ ಅದರ ಮೇಲೇ ಫುಟಿಂಗ್ (ಕಂಬದ ಬುಡದ ಕಾಂಕ್ರೀಟ್) ಕೂರಿಸೋಕೆ ಒಪ್ಪಬಹುದು. ಆಗ ಬ್ರೇಕರ್ ಖರ್ಚೇ ಉಳಿಯುತ್ತೆ. ಒಡೆಯಲೇಬೇಕಾದರೆ ಎಲ್ಲ ಗುಂಡಿಯ ಮಣ್ಣು ಮೊದಲು ತೆಗೆಸಿ, ಬ್ರೇಕರ್ ಒಂದೇ ಸಲ ಹಾಕಿಸಿ.

ಮಣ್ಣುಗಾಡಿ:
ಬ್ರೇಕರ್ ಗಂಟೆ ದರ ಬಕೆಟ್ಟಿಗಿಂತ ಜಾಸ್ತಿ. ಫಿಟ್ ಮಾಡೋ ಹೊತ್ತು ಯಾವ ದರಕ್ಕೆ ಸೇರುತ್ತೆ ಅಂತ ವಾಟ್ಸಾಪಲ್ಲಿ ಬರೆಸಿಕೊಳ್ಳಿ.