ಪೋಕರ್ ಟೂರ್ನಿಯಲ್ಲಿ ಬಬಲ್ (ಬಹುಮಾನದ ಹಣ ಸಿಗೋಕೆ ಸ್ವಲ್ಪ ಮುಂಚಿನ ಹಂತ) ಹತ್ತಿರ ಎಷ್ಟು ಒತ್ತಡ ಹಾಕಬೇಕು?

ಪ್ರಶ್ನೆ: ಉಳಿದವರು 21, ಹಣ ಸಿಗೋದು 18 ಮಂದಿಗೆ. ನನ್ನ ಹತ್ತಿರ 45 ಬಿಗ್ ಬ್ಲೈಂಡ್ (ಕಾರ್ಡ್ ನೋಡುವ ಮುಂಚೆಯೇ ಹಾಕಬೇಕಾದ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದು, ಚಿಪ್ಸ್ ಎಣಿಸೋದು ಇದರಲ್ಲೇ). ಎಡಗಡೆಯ ಮೂವರ ಹತ್ತಿರ 14ರಿಂದ 20, ಮೂವರೂ ಹೆದರಿ ಆಡ್ತಿದ್ದಾರೆ. ಬಟನ್‌ನಿಂದ (ಡೀಲರ್ ಜಾಗ, ಬ್ಲೈಂಡ್ ಹಾಕುವ ಇಬ್ಬರು ಇದರ ಎಡಕ್ಕೆ) ಎಷ್ಟಕ್ಕೆ ರೇಸ್ ಮಾಡಲಿ (ಪಣ ಏರಿಸಲಿ)?

ಉತ್ತರ 1: 2 ಬಿಗ್ ಬ್ಲೈಂಡ್ ಸಾಕು, 3 ಬೇಡ. ಎರಡೂ ಬ್ಲೈಂಡ್ ಸೇರಿ 1.5, ಬಿಗ್ ಬ್ಲೈಂಡ್‌ನವರು ಎಲ್ಲರ ಪರವಾಗಿ ಹಾಕುವ ಆಂಟಿ 1, ಪಾಟ್‌ನಲ್ಲಿ (ಮಧ್ಯೆ ಸೇರಿದ ಪಣ) ಒಟ್ಟು 2.5. 2 ಹಾಕಿದರೆ ನೂರಕ್ಕೆ 45 ಸಲ ಬ್ಲೈಂಡ್‌ನ ಇಬ್ಬರೂ ಫೋಲ್ಡ್ ಮಾಡಿದರೂ (ಕಾರ್ಡ್ ಬಿಟ್ಟು ಹಿಂದೆ ಸರಿದರೂ) ನಷ್ಟವಿಲ್ಲ. 3 ಹಾಕಿದರೆ 55 ಸಲ ಬೇಕು. ಹೆದರುವವರು 2ಕ್ಕೂ ಅಷ್ಟೇ ಫೋಲ್ಡ್ ಮಾಡ್ತಾರೆ, ಹೆಚ್ಚು ಚಿಪ್ಸ್ ಯಾಕೆ ಸುರಿಯಬೇಕು? ಬರುವ ಕೈಗಳಲ್ಲಿ (ಕಾರ್ಡ್‌ಗಳಲ್ಲಿ) ಅರ್ಧದಷ್ಟನ್ನಾದರೂ ಆಡಿ.

ಉತ್ತರ 2: ಎಡವೋದು ಮುಂದಿನ ಹೆಜ್ಜೆಯಲ್ಲಿ. ಬಿಗ್ ಬ್ಲೈಂಡ್‌ನವರು 14ಕ್ಕೆ ಆಲ್-ಇನ್ (ಇರೋದೆಲ್ಲ ಪಣಕ್ಕೆ) ಅಂದರೆ ನೀವು ಇನ್ನೂ 12 ಹಾಕಿ 17.5 ಗೆಲ್ಲಬೇಕು, ಚಿಪ್ಸ್ ಲೆಕ್ಕದಲ್ಲೇ 41% ಇಕ್ವಿಟಿ (ಗೆಲ್ಲುವ ಸಾಧ್ಯತೆಯ ಪಾಲು) ಬೇಕು, ಬಬಲ್‌ನಲ್ಲಿ ಇನ್ನೂ ಜಾಸ್ತಿ. ಹೆದರುವವರು ಆಲ್-ಇನ್ ಅಂದರೆ ಕೈ ಗಟ್ಟಿಯಾಗೇ ಇರುತ್ತೆ. ಕಿಂಗ್-ಎಂಟು ಹಿಡಿದು ‘ಆಗಲೇ 2 ಹಾಕಿದ್ದೀನಲ್ಲ’ ಅಂತ ಕಾಲ್ ಮಾಡಬೇಡಿ (ಅವರಷ್ಟೇ ಹಾಕಿ ಮುಂದುವರಿಯಬೇಡಿ).

ಉತ್ತರ 3: ದುರ್ಬಲ ಆಟಗಾರರಲ್ಲಿ ಎರಡು ಜಾತಿ: ನೀವು ಹೇಳಿದ ಹಾಗೆ ಹೆದರಿ ಫೋಲ್ಡ್ ಮಾಡುವವರು, ಮತ್ತೆ ಏನೇ ಬಂದರೂ ಕಾಲ್ ಮಾಡುವವರು. ಎರಡನೆಯವರ ಮುಂದೆ ಬ್ಲಫ್ ದಂಡ. ಒಳ್ಳೆ ಜೋಡಿ ಬಂದಾಗ ಪಾಟಿನ ಮುಕ್ಕಾಲು ಬೆಟ್ ಮಾಡಿ. ಅದೇ ಟೇಬಲ್‌ನಲ್ಲಿ ನಿಮಗಿಂತ ದೊಡ್ಡ ಸ್ಟ್ಯಾಕ್ (ಚಿಪ್ಸ್ ರಾಶಿ) ಇರುವವರು ಇದ್ದರೆ ಅವರ ತಂಟೆ ಬೇಡ, ನಿಮ್ಮನ್ನು ಹೊರಹಾಕಬಲ್ಲವರು ಅವರೇ.