ಒತೆಪ್ಯಾಗೆ "ಗಿರಿಧಾಮ" ಅನ್ನಬಹುದಾ? (ಅರ್ಜೆಂಟು)

ಎಲ್ರಿಗೂ ನಮಸ್ಕಾರ. ಪುರವಣಿಗೆ ಒಂದು ಪ್ರವಾಸ ಲೇಖನ ಕನ್ನಡಕ್ಕೆ ತರ್ತಿದೀನಿ, ಸಂಜೆ ಐದಕ್ಕೆ ಪುಟ ಹೋಗ್ಬೇಕು. ದಕ್ಷಿಣ ಎಸ್ಟೋನಿಯಾದ ಒತೆಪ್ಯಾ ಅನ್ನೋ ಪುಟ್ಟ ಊರು, ಸುತ್ತ ಗುಡ್ಡ, ಚಳಿಗಾಲದಲ್ಲಿ ಸ್ಕೀಯಿಂಗ್. ಗಿರಿಧಾಮ ಅಂದ್ರೆ ನಡೆಯುತ್ತಾ? ಇನ್ನೊಂದು, ಫೋಟೋ ಕೆಳಗೆ "ಲಿನ್ನಮ್ಯಾಗಿ" ಅಂತಿದೆ. ಡಿಕ್ಷನರೀಲಿ ಲಿನ್ ಅಂದ್ರೆ ಪಟ್ಟಣ, ಮ್ಯಾಗಿ ಅಂದ್ರೆ ಬೆಟ್ಟ. "ಪಟ್ಟಣಬೆಟ್ಟ" ಅಂತ ಹಾಕಿದೀನಿ, ಓದಕ್ಕೆ ಒಂಥರಾ ಇದೆ.

*

ಗಿರಿಧಾಮ ಬೇಡ್ವೇ ಬೇಡ. ಬ್ರಿಟಿಷರು ಸೆಖೆ ತಡೀಲಾರ್ದೆ ಬೆಟ್ಟ ಹತ್ತಿ ಕಟ್ಕೊಂಡ ಊರುಗಳಿಗೆ ಹೊಂದೋ ಮಾತು ಅದು, ಒತೆಪ್ಯಾಗೆ ಜನ ಚಳಿ ಹುಡುಕ್ಕೊಂಡೇ ಹೋಗ್ತಾರೆ. ಆ ಕಡೆ ಎಲ್ಲಕ್ಕಿಂತ ಎತ್ತರ ಇರೋ ಕೂತ್ಸೆಮ್ಯಾಗಿ 217 ಮೀಟರ್, ಇಡೀ ದೇಶದಲ್ಲಿ ಎತ್ತರದ್ದೇ 318. ಹಿಮನದಿ ಸುರಿದು ಹೋದ ಮಣ್ಣು ಕಲ್ಲಿನ ದಿಣ್ಣೆಗಳು. ಗುಡ್ಡದೂರು ಅನ್ನಿ ಸಾಕು.

ಪಟ್ಟಣಬೆಟ್ಟ ತಪ್ಪು. ಲಿನ್ ಈಗ ಪಟ್ಟಣ, ಹಳೇ ಅರ್ಥ ಕೋಟೆ. ಎಸ್ಟೋನಿಯನ್ನರ ಹಳೇ ಕೋಟೆ ಇದ್ದ ಆ ಗುಡ್ಡದ ಮೇಲೇನೇ 1224ರಲ್ಲಿ ಬಿಷಪ್ ಇಟ್ಟಿಗೆ ಕೋಟೆ ಕಟ್ಟಿಸಿದ. "ಕೋಟೆಗುಡ್ಡ". ಮುಗೀತು.

*

ಕೋಟೆಗುಡ್ಡ ಒಪ್ಪಿದೆ. ಆದ್ರೆ ಊರಿನ ಹೆಸರು ಯಾಕೆ ಹಾಗೇ ಬಿಡ್ತೀರಿ? ಒತ್ತ್ ಅಂದ್ರೆ ಕರಡಿ, ಪ್ಯಾ ಅಂದ್ರೆ ತಲೆ, "ಕರಡಿತಲೆ" ಅಂತ ಬರೀರಿ. ರಷ್ಯಾದ ನೊವ್ಗೊರೊದ್ ಊರಿನೋರು 1116ರ ದಂಡಯಾತ್ರೆ ಬರೆದಿಟ್ಟಾಗ ತಮ್ಮ ಮಾತಲ್ಲಿ "ಮೆದ್ವೆಝ್ಯಾ ಗೊಲೊವಾ" ಅಂದ್ರು, ಅಂದ್ರೆ ಕರಡಿ ತಲೇನೇ. ಅವರಿಗೆ ಆಗಿದ್ದು ನಮಗೆ ಯಾಕಾಗಲ್ಲ?

*

ಜರ್ಮನ್ನರು ಅದೇ ಹೆಸರನ್ನ ಓಡೆನ್‌ಪೆ ಅಂತ ಕಿವಿಗೆ ಬಿದ್ದ ಹಾಗೇ ಇಟ್ಕೊಂಡ್ರು, ಅದನ್ನ ಬಿಟ್ಟು ಹೇಳ್ತೀರಿ! ಮ್ಯಾಪಲ್ಲಿ ಕರಡಿತಲೆ ಹುಡುಕಿದ್ರೆ ಓದುಗನಿಗೆ ಏನು ಸಿಗುತ್ತೆ? 1884ರಲ್ಲಿ ಎಸ್ಟೋನಿಯಾದ ತಾರ್ತು ಊರಿನ ವಿದ್ಯಾರ್ಥಿಗಳ ನೀಲಿ ಕಪ್ಪು ಬಿಳಿ ಬಾವುಟಕ್ಕೆ ಪ್ರಾರ್ಥನೆ ಮಾಡಿ ಹರಸಿದ್ದು ಈ ಊರಿನ ಪಾದ್ರಿ ಮನೇಲಿ, ಮುಂದೆ ಅದೇ ದೇಶದ ಬಾವುಟ ಆಯ್ತು. ಅಂಥಾ ಹೆಸರು ಬದಲಾಯ್ಸೋಕೆ ನಾವ್ಯಾರು? ಎಲ್ಲಾನೂ ಅಚ್ಚಗನ್ನಡ ಮಾಡೋ ಹಟ ಬಿಡಿ, ಬಸ್ಸು ರೈಲು ಬಂದ್ರೂ ಕನ್ನಡ ಹಾಳಾಗ್ಲಿಲ್ಲ.

*

ಬಸ್ಸು ನಮ್ಮೂರಿಗೆ ಬಂತು, ಅದರ ಜೊತೆ ಪದಾನೂ ಬಂತು. ಸ್ಕೀಯಿಂಗ್ ಬಂದಿಲ್ಲ. ಅದಕ್ಕಾದ್ರೂ ಮಂಜುಜಾರಾಟ ಅನ್ನಿ.

*

ಮಂಜು ಅಂದ್ರೆ ಬೆಳಿಗ್ಗೆ ಗದ್ದೆ ಮೇಲೆ ಕೂರೋದು. ಅದರ ಮೇಲೆ ಜಾರಕ್ಕಾಗಲ್ಲ.

*

ಪುಟ ಕಳಿಸಿದೆ. "ಗುಡ್ಡದೂರು ಒತೆಪ್ಯಾ" ಅಂತ ಹೆಡಿಂಗು, ಫೋಟೋಗೆ ಕೋಟೆಗುಡ್ಡ, ಕರಡಿತಲೆ ಅನ್ನೋ ಅರ್ಥ ಮೊದಲ ಪ್ಯಾರಾದಲ್ಲೇ ಸೇರಿಸಿದೀನಿ. ಸ್ಕೀಯಿಂಗ್ ಹಾಗೇ ಇದೆ.